ಕಾಗದ ಒಂದು ರಾತ್ರಿ ಮನೆಯಲ್ಲಿ ಮಲಗಲಿ

ಮೊನ್ನೆ ಸಂಜೆ ಮಾರಿಕುಪ್ಪಂ ರೈಲಿನಿಂದ ಬಂಗಾರಪೇಟೆಯಲ್ಲಿ ಇಳಿದವಳು ಮನೆಗೂ ಹೋಗದೆ ನೇರ ನಮ್ಮ ಜಗಲಿಗೆ ಬಂದೆ. ಕೈಯಲ್ಲಿ ಬಟ್ಟೆ ಅಂಗಡಿಯ ದಪ್ಪ ಪ್ಲಾಸ್ಟಿಕ್ ಕವರು. ಅದರಿಂದ ಒಂದೊಂದಾಗಿ ತೆಗೆದೆ: ನಿಮ್ಮಪ್ಪನ ಎದೆಯ ಎಕ್ಸ್‌ರೇ, ಸಕ್ಕರೆ ರಿಪೋರ್ಟು, ಕಣ್ಣಿನ ಡಾಕ್ಟರ ಚೀಟಿ, ಕೊನೆಗೆ ಪಿನ್ನು ಹೊಡೆದ ಹದಿನೆಂಟು ಪುಟದ ಒಂದು ಒಪ್ಪಿಗೆ ಪತ್ರದ ಕಂತೆ.

‘ತಾತಾ, ಸಕ್ಕರೆ ಕಾಯಿಲೆಗೆ ಹೊಸ ಮಾತ್ರೆ ಬರ್ತಿದೆಯಂತೆ. ಮುಂದಿನ ತಿಂಗಳು ಟ್ರಯಲ್ ಶುರು. ಅಪ್ಪನ್ನೂ ಸೇರಿಸ್ಕೋಬಹುದು ಅಂದ್ರು ಆಸ್ಪತ್ರೆಯವರು. ನಾಳೇನೇ ಸೈನ್ ಮಾಡಿಸಿ ಕೊಟ್ಬಿಡ್ಲಾ?’

‘ನಿಮ್ಮಪ್ಪ ಏನಂತಾರೆ?’

‘ನನ್ನೇನು ಇಲಿ ಮಾಡ್ತಾರಾ ಅಂತಾರೆ. ಆಮೇಲೆ ದುಡ್ಡು ಎಷ್ಟು ಕೊಡ್ತಾರಂತೆ ಅಂತಾನೂ ಕೇಳ್ತಾರೆ.’

ಎರಡೂ ನ್ಯಾಯವಾದ ಪ್ರಶ್ನೆಗಳೇ. ಅವತ್ತು ನಿನಗೆ ಮಗು ಅಳುತ್ತಿದೆ ಅಂತ ಫೋನು ಬಂತು, ಮಾತು ಅರ್ಧಕ್ಕೆ ನಿಂತಿತು. ಹೋಗುವಾಗ ಒಂದೇ ಮಾತು ಹೇಳಿದ್ದೆ: ಆ ಕಾಗದ ಒಂದು ರಾತ್ರಿ ನಿಮ್ಮಪ್ಪನ ಮನೆಯಲ್ಲಿ ಮಲಗಲಿ, ಆಮೇಲೆ ಸಹಿ. ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಕೋಲಾರ ಚಿನ್ನದ ಗಣಿಯ ಆಸ್ಪತ್ರೆಯಲ್ಲಿ ಔಷಧಿ ಕಿಟಕಿಯ ಹಿಂದೆ ಮೂವತ್ತು ವರ್ಷ ನಿಂತ ಮುದುಕ ನಾನು, ಡಾಕ್ಟರಲ್ಲ. ಆದರೆ ಕಿಟಕಿಯ ಆಚೆ ನಿಂತವರ ಮುಖ ನೋಡಿ ನೋಡಿ, ಯಾರು ಕೇಳಿ ತಿಳಿದುಕೊಂಡು ಹೋದರು, ಯಾರು ತಲೆಯಾಡಿಸಿ ಹೋದರು ಅನ್ನುವುದು ಗೊತ್ತಾಗುತ್ತಿತ್ತು. ತಲೆಯಾಡಿಸಿದವರೇ ವಾರ ಬಿಟ್ಟು ತಪ್ಪು ಮಾತ್ರೆ ನುಂಗಿ ಬರುತ್ತಿದ್ದರು.

ಮೊದಲು ಬುಡದ ಮಾತು. ಡಾಕ್ಟರು ಚೀಟಿ ಬರೆದು ಕೊಡುವ ಔಷಧಿ ಒಂದು ಉತ್ತರ. ಇಂಥ ಕಾಯಿಲೆಗೆ ಇದು ಕೆಲಸ ಮಾಡುತ್ತದೆ ಅಂತ ಗೊತ್ತಿದ್ದೇ ಕೊಡುತ್ತಾರೆ. ಟ್ರಯಲ್‌ನಲ್ಲಿ ಕೊಡುವುದು ಒಂದು ಪ್ರಶ್ನೆ. ಈ ಮಾತ್ರೆ ಹಳೆಯದಕ್ಕಿಂತ ಮೇಲೋ, ಸಮವೋ, ಕೀಳೋ ಅಂತ ಡಾಕ್ಟರಿಗೇ ಗೊತ್ತಿಲ್ಲ, ಅದಕ್ಕೇ ಟ್ರಯಲ್. ಗೊತ್ತಿದ್ದರೆ ಟ್ರಯಲ್ ಬೇಕೇ ಇರಲಿಲ್ಲ. ಆದ್ದರಿಂದ ‘ದೊಡ್ಡಾಸ್ಪತ್ರೆಯಲ್ಲಿ ಹೊಸ ಔಷಧಿ ಪುಕ್ಕಟೆ ಸಿಗ್ತಿದೆ’ ಅಂತ ಕುಣಿದುಕೊಂಡು ಹೋಗುವುದೂ ತಪ್ಪು, ‘ನಮ್ಮನ್ನ ಇಲಿ ಮಾಡ್ತಾರೆ’ ಅಂತ ಬಾಗಿಲು ಹಾಕಿಕೊಳ್ಳುವುದೂ ತಪ್ಪು. ಇಲಿಯನ್ನು ಯಾರೂ ಕೇಳುವುದಿಲ್ಲ. ನಿಮ್ಮಪ್ಪನನ್ನು ಕೇಳಲೇಬೇಕು, ಅವರು ಒಲ್ಲೆ ಅಂದರೆ ಬಿಡಲೇಬೇಕು. ವ್ಯತ್ಯಾಸ ಇರುವುದು ಅಲ್ಲಿ.

ಕೇಳದೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮಂಥದೇ ಚಿನ್ನದ ಗಣಿಯ ಕತೆ ಹೇಳುತ್ತೇನೆ. ಕಲ್ಲುಧೂಳು ಎದೆಗೆ ಇಳಿದು ಬರುವ ಸಿಲಿಕೋಸಿಸ್ ನಿನಗೆ ಗೊತ್ತು, ನಿಮ್ಮಪ್ಪನ ಕೆಮ್ಮು ಕೇಳಿಯೇ ಬೆಳೆದವಳು. 1940ರ ದಶಕದಲ್ಲಿ ಕೆ.ಜಿ.ಎಫ್. ಕಾರ್ಮಿಕರ ಎದೆ ತಪಾಸಣೆ ನಡೆದಾಗ ಈ ಕಾಯಿಲೆ ನಮ್ಮ ಗಣಿಯಲ್ಲಿ ಎಷ್ಟಿದೆ ಅನ್ನುವ ಅಂದಾಜು ಸಿಕ್ಕಿತು. ಅದೇ ಹೊತ್ತಿಗೆ ಕೆನಡಾದ ಒಂಟಾರಿಯೊದಲ್ಲಿ ಒಂದು ಉಪಾಯ ಹೂಡಿದರು. ಗಣಿಗೆ ಇಳಿಯುವ ಮುಂಚೆ, ಬಟ್ಟೆ ಬದಲಿಸುವ ಕೋಣೆಯಲ್ಲಿ ಕಾರ್ಮಿಕರನ್ನು ಕೂರಿಸಿ, ನುಣ್ಣಗಿನ ಕಪ್ಪು ಅಲ್ಯೂಮಿನಿಯಂ ಪುಡಿಯನ್ನು ಗಾಳಿಗೆ ತೂರಿ, ‘ಉಸಿರೆಳೆದುಕೊಳ್ಳಿ, ಇದು ಎದೆ ಕಾಯುತ್ತದೆ’ ಅಂದರು. ಮ್ಯಾಕಿಂಟೈರ್ ಎಂಬ ಚಿನ್ನದ ಗಣಿಯ ಹೆಸರೇ ಆ ಪುಡಿಗೂ ಬಂತು. 1943ರಿಂದ 1979ರವರೆಗೆ ಇದು ನಡೆಯಿತು. ಕೊಟ್ಟವರನ್ನೂ ಕೊಡದವರನ್ನೂ ಹೋಲಿಸಿ ಸರಿಯಾಗಿ ನೋಡಿರಲಿಲ್ಲ. ಬೇಕೋ ಬೇಡವೋ ಅಂತ ಕಾರ್ಮಿಕರನ್ನು ಕೇಳಿರಲಿಲ್ಲ. ಕೊನೆಗೆ 2022ರಲ್ಲಿ ಆ ಪ್ರಾಂತ್ಯದ ಸರ್ಕಾರವೇ, ಈ ಪುಡಿ ಉಸಿರಾಡಿದವರಿಗೆ ಬರುವ ಪಾರ್ಕಿನ್ಸನ್ ನಡುಕದ ಕಾಯಿಲೆಯನ್ನು ಕೆಲಸದಿಂದ ಬಂದ ಕಾಯಿಲೆ ಅಂತ ಒಪ್ಪಿಕೊಂಡಿತು. ನೋಡು, ಅಲ್ಲಿ ಆಗಿದ್ದು ಟ್ರಯಲ್‌ನಿಂದ ಬಂದ ಕೇಡಲ್ಲ, ಟ್ರಯಲ್ ಮಾಡದೆ ಕೊಟ್ಟದ್ದರಿಂದ ಬಂದ ಕೇಡು.

ಈಗ ಇನ್ನೊಂದು ಮಗ್ಗುಲು. ನನ್ನ ಚಿಕ್ಕಂದಿನಲ್ಲಿ ಕ್ಷಯ ಅಂದರೆ ಮನೆ ಬಿಟ್ಟು ಹೋಗುವ ಕಾಯಿಲೆ. ನಮ್ಮ ಕಡೆಯವರು ಮದನಪಲ್ಲಿ ಹತ್ತಿರದ ಆರೋಗ್ಯವರಂ ಸ್ಯಾನಟೋರಿಯಂ ಹೆಸರು ಹೇಳುತ್ತಿದ್ದರು. ಅಲ್ಲಿ ತಿಂಗಳುಗಟ್ಟಲೆ ಮಲಗಿ, ಒಳ್ಳೆ ಗಾಳಿ, ಒಳ್ಳೆ ಊಟ. ಲೈನ್ ಮನೆಯ ಒಂದೇ ಕೋಣೆಯಲ್ಲಿ ಏಳು ಜನ ಮಲಗುವವರಿಗೆ ಅದೆಲ್ಲಿಂದ ಬರಬೇಕು? 1956ರಲ್ಲಿ ಮದರಾಸಿನಲ್ಲಿ 193 ಕ್ಷಯರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಟೋರಿಯಂಗೆ, ಇನ್ನೊಂದು ಗುಂಪು ತಮ್ಮ ಇಕ್ಕಟ್ಟು ಮನೆಗೇ. ಮಾತ್ರೆ ಎರಡೂ ಗುಂಪಿಗೆ ಒಂದೇ. ವರ್ಷ ಕಳೆದು ನೋಡಿದರೆ, ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಮನೆಮಂದಿಗೆ ಕಾಯಿಲೆ ಹೆಚ್ಚಾಗಿ ಹರಡಿಯೂ ಇರಲಿಲ್ಲ. ಇವತ್ತು ನಮ್ಮ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಕ್ಷಯದ ಮಾತ್ರೆ ತಂದು ಕೊಡುವುದರ ಹಿಂದೆ ಆ 193 ಜನ ಇದ್ದಾರೆ. ಅವರ ಹೆಸರು ನಮಗ್ಯಾರಿಗೂ ಗೊತ್ತಿಲ್ಲ.

ಟ್ರಯಲ್ ಅಂದರೆ ಸೂಜಿ, ಮಾತ್ರೆಯೇ ಆಗಬೇಕಂತಿಲ್ಲ. 2019ರಲ್ಲಿ ಜಾರ್ಖಂಡದಲ್ಲಿ ಅಕ್ಕಿ ಬೇಳೆಯ ಮೇಲೆ ಒಂದು ಟ್ರಯಲ್ ಶುರುವಾಯಿತು. ಮುಂದೆ ನಿಂತವರು ನಮ್ಮ ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. 2,800 ಕ್ಷಯರೋಗಿಗಳಿಗೆಲ್ಲ ತಿಂಗಳು ತಿಂಗಳು ಆಹಾರದ ಕಿಟ್ಟು ಕೊಟ್ಟರು. ಅರ್ಧ ಮನೆಗಳಲ್ಲಿ ಮಿಕ್ಕ ಮನೆಮಂದಿಗೂ ಅಕ್ಕಿ, ಬೇಳೆ ಕೊಟ್ಟರು. 2023ರಲ್ಲಿ ಫಲಿತಾಂಶ ಬಂತು: ಮನೆಮಂದಿಗೂ ಆಹಾರ ಸಿಕ್ಕ ಕಡೆ ಹೊಸದಾಗಿ ಕ್ಷಯ ಬಂದದ್ದು 39 ಪರ್ಸೆಂಟ್ ಕಡಿಮೆ. ಹೊಟ್ಟೆ ತುಂಬಿದರೆ ಕಾಯಿಲೆ ದೂರ ಅಂತ ನಮ್ಮಜ್ಜಿಯೂ ಹೇಳುತ್ತಿದ್ದಳು. ಆದರೆ ಅಜ್ಜಿಯ ಮಾತಿಗೆ ಸರ್ಕಾರ ಅಕ್ಕಿ ಕೊಡುವುದಿಲ್ಲ, ಲೆಕ್ಕಕ್ಕೆ ಕೊಡುತ್ತದೆ. ಆ ಲೆಕ್ಕ ಸಿಗುವುದು ಟ್ರಯಲ್‌ನಿಂದ.

ಇನ್ನು ನಿನ್ನ ಕಂತೆಗೆ ಬರೋಣ. ಅವತ್ತು ಜಗಲಿಯಲ್ಲೇ ಕನ್ನಡಕ ಹಾಕಿಕೊಂಡು ಓದಲು ನನಗೆ ಒಂದೂವರೆ ಗಂಟೆ ಹಿಡಿಯಿತು. ಅದರಲ್ಲಿ ಬರುವ ನಾಲ್ಕು ಮಾತು ಬಿಡಿಸಿ ಹೇಳುತ್ತೇನೆ.

‘ಫೇಸ್ 3’ ಅಂತ ಇದೆ, ಅಂದರೆ ಮೂರನೇ ಹಂತ. ಹೊಸ ಔಷಧಿ ಮನುಷ್ಯರಿಗೆ ಬರುವ ಮುಂಚೆ ಪ್ರಾಣಿಗಳಲ್ಲಿ ನೋಡಿರುತ್ತಾರೆ. ಮೊದಲ ಹಂತದಲ್ಲಿ, ಸಾಮಾನ್ಯವಾಗಿ, ಕೆಲವೇ ಹತ್ತು ಜನ ಆರೋಗ್ಯವಂತರಿಗೆ ಕೊಟ್ಟು ಮೈ ತಡೆಯುತ್ತದಾ ಅಂತ ನೋಡುತ್ತಾರೆ. ಎರಡನೆಯದರಲ್ಲಿ ನೂರು ಇನ್ನೂರು ರೋಗಿಗಳಲ್ಲಿ ಗುಣ ಕಾಣುತ್ತದಾ, ಎಷ್ಟು ಡೋಸು ಅಂತ. ಮೂರನೆಯದರಲ್ಲಿ ನೂರಾರು, ಸಾವಿರಾರು ರೋಗಿಗಳಲ್ಲಿ ಈಗಿರುವ ಔಷಧಿಯ ಪಕ್ಕ ಇಟ್ಟು ತೂಗುತ್ತಾರೆ. ನಾಲ್ಕನೆಯದು ಅಂಗಡಿಗೆ ಬಂದ ಮೇಲಿನ ನಿಗಾ. ಯಾವ ಟ್ರಯಲ್ ಆದರೂ ಎಷ್ಟನೇ ಹಂತ ಅಂತ ಮೊದಲು ನೋಡು. ಹಂತ ಕೆಳಗಿದ್ದಷ್ಟೂ ಗೊತ್ತಿಲ್ಲದ್ದು ಜಾಸ್ತಿ.

‘ರ‍್ಯಾಂಡಮೈಸ್ಡ್’ ಅಂದರೆ ಚೀಟಿ ಎತ್ತಿದ ಹಾಗೆ. ಯಾರಿಗೆ ಹೊಸ ಮಾತ್ರೆ, ಯಾರಿಗೆ ಹಳೆಯದು ಅನ್ನುವುದನ್ನು ಡಾಕ್ಟರು ಆರಿಸುವಂತಿಲ್ಲ, ಕಂಪ್ಯೂಟರು ಚೀಟಿ ಎತ್ತುತ್ತದೆ. ಡಾಕ್ಟರು ಆರಿಸಿದರೆ ಗಟ್ಟಿಮುಟ್ಟಾದವರಿಗೆಲ್ಲ ಹೊಸದು ಕೊಟ್ಟು ‘ನೋಡಿ, ಎಷ್ಟು ಚೆನ್ನಾಗಿದೆ’ ಅನ್ನಬಹುದಲ್ಲ, ಅದಕ್ಕೆ. ‘ಡಬಲ್ ಬ್ಲೈಂಡ್’ ಅಂದರೆ ಯಾರು ಯಾವುದನ್ನು ನುಂಗುತ್ತಿದ್ದಾರೆ ಅಂತ ರೋಗಿಗೂ ಗೊತ್ತಿರುವುದಿಲ್ಲ, ನೋಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ತುರ್ತು ಬಂದರೆ ಗುಟ್ಟು ಒಡೆದು ನೋಡುವ ದಾರಿ ಇರುತ್ತದೆ. ‘ಪ್ಲಸೀಬೊ’ ಅಂದರೆ ಹುಸಿಮಾತ್ರೆ, ನೋಡಲು ಅದೇ, ಒಳಗೆ ಔಷಧಿ ಇಲ್ಲ. ಇಲ್ಲಿ ನೀನು ಬಾಯಿ ಬಿಟ್ಟು ಕೇಳಬೇಕು: ‘ಅಪ್ಪ ಈಗ ನುಂಗ್ತಿರೋ ಮಾತ್ರೆ ಮುಂದುವರಿಯುತ್ತಾ? ಹುಸಿಮಾತ್ರೆ ಅವರ ಪಾಲಿಗೆ ಬಂದು ಸಕ್ಕರೆ ಏರಿದ್ರೆ ಎಷ್ಟು ದಿನದಲ್ಲಿ ನಿಮಗೆ ಗೊತ್ತಾಗುತ್ತೆ, ಆಗ ಏನು ಮಾಡ್ತೀರಿ?’ ಇದಕ್ಕೆ ನೇರ ಉತ್ತರ ಸಿಗದಿದ್ದರೆ ಎದ್ದು ಬಾ.

ಇನ್ನೊಂದು, ‘ನಾಮಿನಿ ಹೆಸರು, ವಾರ್ಷಿಕ ವರಮಾನ ಯಾಕೆ ಕೇಳಿದ್ದಾರೆ, ಅಪ್ಪನಿಗೇನಾದರೂ ಆಗುತ್ತಾ’ ಅಂತ ನಿನ್ನ ಮುಖ ಬಾಡಿತಲ್ಲ, ಅದನ್ನು ಕೇಳಬೇಕು ಅಂತ ಕಾನೂನೇ ಹೇಳುತ್ತದೆ. ಅದಕ್ಕೊಂದು ಹಿನ್ನೆಲೆ ಇದೆ. 2009ರಲ್ಲಿ, ಆಗ ಆಂಧ್ರದಲ್ಲಿದ್ದ ಖಮ್ಮಂ ಜಿಲ್ಲೆಯಲ್ಲಿ, ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಹೆಣ್ಣುಮಕ್ಕಳಿಗೆ ಒಂದು ಅಧ್ಯಯನದ ಲೆಕ್ಕದಲ್ಲಿ ಹಾಕಿದರು. ಹಾಸ್ಟೆಲ್ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ಅಪ್ಪ ಅಮ್ಮನ ಬದಲು ವಾರ್ಡನ್‌ಗಳು ಸಹಿ ಹಾಕಿದ್ದು ಹೊರಬಂತು. 2010ರಲ್ಲಿ ಅದು ನಿಂತಿತು, ಸಂಸತ್ತಿನ ಸಮಿತಿಯೂ ಕಟುವಾಗಿ ಬರೆಯಿತು. ಲಸಿಕೆಯೇ ಕೆಟ್ಟದ್ದು ಅಂತಲ್ಲ, ಕೇಳಿದ ರೀತಿ ಕೆಟ್ಟದ್ದು. ಸುಪ್ರೀಂ ಕೋರ್ಟಿನ ಮುಂದೆಯೂ ಟ್ರಯಲ್‌ಗಳ ದೂರು ಹೋಯಿತು. ನಿಯಮಗಳು ಬಿಗಿಯಾಗುತ್ತಾ ಬಂದು, 2019ರ ಮಾರ್ಚ್‌ನಲ್ಲಿ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಾವಳಿ ಬಂತು.

ಅದರ ಪ್ರಕಾರ ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಪುಕ್ಕಟೆ ಕೊಡಬೇಕು. ಗಂಭೀರ ತೊಂದರೆಯನ್ನು ಡಾಕ್ಟರು 24 ಗಂಟೆಯೊಳಗೆ ಮೇಲಿನವರಿಗೆ ವರದಿ ಮಾಡಬೇಕು. ಟ್ರಯಲ್ ಕಾರಣದಿಂದಲೇ ಜೀವ ಹೋದರೆ, 8 ಲಕ್ಷ ರೂಪಾಯಿಯನ್ನು ಮೂಲ ಮೊತ್ತವಾಗಿಟ್ಟು, ವಯಸ್ಸು ಮತ್ತು ಕಾಯಿಲೆಯ ತೀವ್ರತೆಯ ಮೇಲೆ ಗುಣಿಸಿ ಪರಿಹಾರ ಲೆಕ್ಕ ಹಾಕುತ್ತಾರೆ. ಅದು ಯಾರ ಕೈಗೆ ಸೇರಬೇಕು ಅನ್ನುವುದಕ್ಕೇ ನಾಮಿನಿ. ಗಣಿಗೆ ಕೆಲಸಕ್ಕೆ ಸೇರುವಾಗ ನಿಮ್ಮಪ್ಪ ಪಿ.ಎಫ್. ಫಾರಂನಲ್ಲಿ ನಿಮ್ಮಮ್ಮನ ಹೆಸರು ಬರೆಸಲಿಲ್ಲವೇ, ಹಾಗೆ. ಸಾವಿನ ಸೂಚನೆ ಅಂತ ತಿಳಿಯಬೇಡ.

ಆಸ್ಪತ್ರೆಯವರು ತಾವೇ ಮನಸ್ಸು ಮಾಡಿ ಟ್ರಯಲ್ ಶುರುಮಾಡುವಂತಿಲ್ಲ. ಹೊಸ ಔಷಧಿಯಾದರೆ ದೆಹಲಿಯ ಔಷಧ ನಿಯಂತ್ರಕರ ಅನುಮತಿ ಬೇಕು. ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಯೂ ಒಪ್ಪಬೇಕು. ಆ ಕಮಿಟಿಯಲ್ಲಿ ಏಳು ಜನಕ್ಕೆ ಕಡಿಮೆಯಿರಬಾರದು, ಅರ್ಧದಷ್ಟಾದರೂ ಆ ಸಂಸ್ಥೆಗೆ ಸೇರದವರಿರಬೇಕು, ಕಾನೂನು ಬಲ್ಲವರು, ಒಬ್ಬ ಹೆಂಗಸು, ವೈದ್ಯಕೀಯ ಗೊತ್ತಿಲ್ಲದ ಒಬ್ಬ ಸಾಮಾನ್ಯ ಮನುಷ್ಯ ಇರಬೇಕು. ಅಂದರೆ ನಿನ್ನಂಥವಳೇ ಒಬ್ಬಳು ಅಲ್ಲಿ ಕೂತು ‘ಇದು ನನಗರ್ಥವಾಗಲಿಲ್ಲ’ ಅನ್ನಲಿ ಅಂತ. ಆ ಕಮಿಟಿಯ ಫೋನ್ ನಂಬರು ಕಂತೆಯಲ್ಲೇ ಇರಬೇಕು. ನಿನ್ನದರಲ್ಲಿ ಹದಿನೇಳನೇ ಪುಟದಲ್ಲಿದೆ, ನಾನು ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೇನೆ.

ಇದಕ್ಕೂ ಮೇಲೆ, ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಟ್ರಯಲ್ಲನ್ನು ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾದಲ್ಲಿ ನೋಂದಾಯಿಸಬೇಕು. ಸಿ.ಟಿ.ಆರ್.ಐ. ಅನ್ನುತ್ತಾರೆ. 2007ರಲ್ಲಿ ಶುರುವಾದದ್ದು, 2009ರ ಜೂನ್‌ನಿಂದ ಕಡ್ಡಾಯ. ಮುಂದೆ ಬರಲಿರುವ ಟ್ರಯಲ್‌ಗಳನ್ನು ಯಾರು ಬೇಕಾದರೂ ಅಲ್ಲಿ ಪುಕ್ಕಟೆ ನೋಡಬಹುದು. ಯಾವ ಕಾಯಿಲೆ, ಯಾವ ಊರಿನ ಯಾವ ಆಸ್ಪತ್ರೆ, ದುಡ್ಡು ಹಾಕುವವರು ಯಾರು, ಯಾರನ್ನು ಸೇರಿಸುತ್ತಾರೆ, ಯಾರನ್ನು ಸೇರಿಸುವುದಿಲ್ಲ, ಎಲ್ಲ ಇರುತ್ತದೆ. ಇನ್ನೂ ಶುರುವಾಗದ್ದಕ್ಕೆ ‘ನಾಟ್ ಯೆಟ್ ರಿಕ್ರೂಟಿಂಗ್’ ಅಂತ, ಸೇರಿಸಿಕೊಳ್ಳುತ್ತಿರುವುದಕ್ಕೆ ‘ಓಪನ್ ಟು ರಿಕ್ರೂಟ್‌ಮೆಂಟ್’ ಅಂತ ಬರೆದಿರುತ್ತಾರೆ. ಇಂಗ್ಲಿಷಿನಲ್ಲಿದೆ, ಸರಿ, ನೀನು ರೈಲಿನಲ್ಲಿ ಕೂತು ಫೋನಿನಲ್ಲಿ ಏನೇನೋ ನೋಡುತ್ತೀಯಲ್ಲ, ಬೆಂಗಳೂರು ತಲಪುವಷ್ಟರಲ್ಲಿ ಇದನ್ನೂ ನೋಡಿ ಮುಗಿಸಬಹುದು. ಆ ನೋಂದಣಿ ನಂಬರು ಕೇಳಿ ಬರೆದುಕೋ. ಗಣಿಯ ಶಾಫ್ಟಿಗೆ ಇಳಿಯುವಾಗ ಟೋಕನ್ನು ಇತ್ತು ನೋಡು, ಯಾರು ಕೆಳಗೆ ಹೋದರು, ಯಾರು ಇನ್ನೂ ಮೇಲೆ ಬಂದಿಲ್ಲ ಅಂತ ಅದರಿಂದಲೇ ಲೆಕ್ಕ. ಟೋಕನ್ನಿಲ್ಲದೆ ಕೇಜು ಹತ್ತು ಅಂದರೆ ನಿಮ್ಮಪ್ಪ ಹತ್ತುತ್ತಿದ್ದರಾ? ನಂಬರಿಲ್ಲದ ಟ್ರಯಲ್‌ಗೂ ಹತ್ತಬಾರದು.

ಈಗ ನಮ್ಮೂರಿನದೇ ಒಂದು ತೊಡಕು. ನಿನ್ನ ಕಂತೆ ಕನ್ನಡದಲ್ಲಿದೆ. ಕನ್ನಡದಲ್ಲಿ ಕೊಟ್ಟರು ಅಂತ ನನಗೆ ಸಂತೋಷವೇ. ಆದರೆ ನಿಮ್ಮಪ್ಪ ಕನ್ನಡ ಮಾತಾಡಬಲ್ಲರು, ಓದಲಾರರು, ಅವರು ಓದಿದ್ದು ಕೋರಮಂಡಲದ ತಮಿಳು ಶಾಲೆಯಲ್ಲಿ. ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್ ಕಡೆ ಹಾಗೆ ಎಷ್ಟೋ ಮನೆ. ಬಂಗಾರಪೇಟೆಯ ಹಳ್ಳಿಗಳಲ್ಲಿ ತೆಲುಗು, ಪೇಟೆಯಲ್ಲಿ ಉರ್ದು. ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಮಾಹಿತಿ ಕೊಡಬೇಕು ಅಂತ ನಿಯಮ. ‘ತಮಿಳು ಪ್ರತಿ ಇದೆಯಾ’ ಅಂತ ಕೇಳಲು ನಾಚಿಕೆ ಬೇಡ. ಓದಲು ಬಾರದವರಾದರೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪಕ್ಕದಲ್ಲಿದ್ದು, ಎಲ್ಲ ಓದಿ ಹೇಳಿದ್ದನ್ನು ಕೇಳಿ, ತಾವೂ ಸಹಿ ಹಾಕಬೇಕು. ಸಹಿಯಾದ ಮೇಲೆ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ‘ಅಪ್ಪನ ಬದಲು ನಾನೇ ಹಾಕ್ತೀನಿ’ ಅಂತ ಮಾತ್ರ ಹೋಗಬೇಡ. ಅವರ ಬುದ್ಧಿ ನೆಟ್ಟಗಿದೆ. ನೀನು ಮಗಳಿರಬಹುದು, ಅವರ ಮೈಗೆ ವಾರ್ಡನ್ ಅಲ್ಲ.

ದುಡ್ಡಿನ ಮಾತು. ಟ್ರಯಲ್‌ನ ಔಷಧಿಗೂ ಅದಕ್ಕಾಗಿ ಮಾಡುವ ಟೆಸ್ಟುಗಳಿಗೂ ನಿನ್ನಿಂದ ದುಡ್ಡು ಕೇಳಿದರೆ ಎಚ್ಚರ. ಬಸ್ಸು, ರೈಲು, ಆ ದಿನದ ಕೂಲಿ ನಷ್ಟಕ್ಕೆ ಅಂತ ಏನಾದರೂ ಕೊಡುವುದುಂಟು, ಎಷ್ಟು ಅಂತ ಕಂತೆಯಲ್ಲೇ ಬರೆದಿರಬೇಕು. ಬರೀ ಬಾಯಿ ಮಾತಿನ ದುಡ್ಡು ಬೇಡ. ನಿನ್ನ ತಮ್ಮನಿಗೂ ಹೇಳು: ‘ಎರಡು ದಿನ ಮಲಗಿ ಬಾ, ಇಷ್ಟು ಸಾವಿರ’ ಅಂತ ಕರೆದುಕೊಂಡು ಹೋಗುವ ಏಜೆಂಟರಿದ್ದಾರೆ. ಗಣಿ ಮುಚ್ಚಿದ ಊರಿನಲ್ಲಿ ಖಾಲಿ ಜೇಬಿನ ಹುಡುಗರು ಸಿಗುವುದು ಸುಲಭ. ಒಂದು ಕಡೆಯದನ್ನು ಮುಚ್ಚಿಟ್ಟು ಇನ್ನೊಂದು ಕಡೆ ಸೇರಿದರೆ ಎರಡು ಔಷಧಿ ಒಂದೇ ರಕ್ತದಲ್ಲಿ ಸೇರುತ್ತವೆ. ಜೇಬಿಗೆ ಬಂದದ್ದು ಲಿವರಿಗೆ ಕಟ್ಟಬೇಕಾದೀತು.

ಸೇರುವುದಾದರೆ ಮುಚ್ಚುಮರೆ ಬೇಡ. ನಿಮ್ಮಪ್ಪ ಕುಡಿಯುವ ಮೆಂತ್ಯದ ನೀರು, ಯಾರೋ ಕೊಟ್ಟ ನಾಟಿ ಪುಡಿ, ಮೊಣಕಾಲಿಗೆ ತಾವೇ ತಂದು ನುಂಗುವ ನೋವಿನ ಮಾತ್ರೆ, ಸಂಜೆಯ ಒಂದು ಕ್ವಾರ್ಟರು, ಎಲ್ಲ ಡಾಕ್ಟರಿಗೆ ಗೊತ್ತಿರಲಿ. ಎದೆಯ ಧೂಳಿನ ಕಾರಣ ‘ಇವರು ಆಗಲ್ಲ’ ಅಂತ ವಾಪಸು ಕಳಿಸಬಹುದು. ಅವಮಾನ ಅಂದುಕೊಳ್ಳಬೇಡಿ, ಅವರ ಮೈ ಕಾಯುವುದಕ್ಕೇ ಆ ಜರಡಿ. ಸೇರಿದ ಮೇಲೆ ಕೊಡುವ ಕಾರ್ಡು ಸದಾ ಜೇಬಿನಲ್ಲಿರಲಿ. ಮಧ್ಯರಾತ್ರಿ ರಾಬರ್ಟ್‌ಸನ್‌ಪೇಟೆಯಲ್ಲೋ ಕೋಲಾರದಲ್ಲೋ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ, ಅಲ್ಲಿನ ಡಾಕ್ಟರಿಗೆ ಮೊದಲು ಅದನ್ನು ತೋರಿಸಿ. ಖಾಲಿ ಹೊಟ್ಟೆಯ ರಕ್ತಪರೀಕ್ಷೆಗೆ ಬೆಳಗಿನ ರೈಲಿನಲ್ಲಿ ಹೋಗುವ ದಿನ ಬುತ್ತಿ ಕಟ್ಟಿಕೊಂಡು ಹೋಗಿ, ರಕ್ತ ಕೊಟ್ಟ ಕೂಡಲೇ ತಿನ್ನಲಿ, ಸಕ್ಕರೆ ಇಳಿದು ತಲೆ ಸುತ್ತಿದರೆ ಜೊತೆಗೆ ಒಬ್ಬರು ಬೇಕು. ನಡುವೆ ಬೇಡ ಅನಿಸಿದರೆ ಯಾವಾಗ ಬೇಕಾದರೂ ಬಿಡಬಹುದು, ಕಾರಣ ಹೇಳಲೇಬೇಕಂತಿಲ್ಲ, ಅದರಿಂದ ಆ ಆಸ್ಪತ್ರೆಯ ಮಾಮೂಲು ಚಿಕಿತ್ಸೆ ತಪ್ಪಬಾರದು. ಆದರೆ ಬಿಡುತ್ತೇನೆ ಅಂತ ಹೇಳಿ ಬಿಡಿ. ಮಾತ್ರೆಯನ್ನು ಗೂಡಿನಲ್ಲಿಟ್ಟು ಫೋನ್ ಎತ್ತದೆ ಕೂರಬೇಡಿ.

ಇಷ್ಟು ಬರೆದು ಮಡಿಸಿ ಇಡುವಷ್ಟರಲ್ಲಿ ನಿನ್ನ ಫೋನು ಬಂತು. ನಿನ್ನೆ ರಾತ್ರಿ ಚಾಂಪಿಯನ್ ರೀಫಿನ ಮನೆಯಲ್ಲಿ ಅಪ್ಪನನ್ನು ಕೂರಿಸಿಕೊಂಡು, ಹದಿನೆಂಟು ಪುಟವನ್ನೂ ಒಂದೊಂದು ಸಾಲು ತಮಿಳಿನಲ್ಲಿ ಹೇಳಿದೆ ಅಂದೆ. ಹತ್ತೂವರೆಯಾಯಿತಂತೆ. ಅವರು ದುಡ್ಡು ಕೇಳಲಿಲ್ಲವಂತೆ, ಇಲಿಯ ಮಾತೂ ಎತ್ತಲಿಲ್ಲವಂತೆ. ಒಂದೇ ಒಂದು ಕೇಳಿದರಂತೆ: ‘ಆ ಮಾತ್ರೆ ನನಗೆ ಒಗ್ಗಿತು ಅಂತಿಟ್ಕೋ. ಟ್ರಯಲ್ ಮುಗಿದ ಮೇಲೆ ಯಾರು ಕೊಡ್ತಾರೆ?’

ಮಗಳೇ, ನನ್ನ ಇಷ್ಟುದ್ದದ ಕಾಗದದಲ್ಲಿ ಇಲ್ಲದ ಪ್ರಶ್ನೆ ಅದು. 2001ರ ಫೆಬ್ರವರಿ 28ಕ್ಕೆ ಗಣಿಯ ಬಾಗಿಲು ಹಾಕಿದಾಗ ಹೊರಗೆ ನಿಂತಿದ್ದ ಮನುಷ್ಯನಿಗೆ ಮಾತ್ರ ಹೊಳೆಯುವ ಪ್ರಶ್ನೆ. ಅದಕ್ಕೂ ನಿಯಮದಲ್ಲಿ ಜಾಗ ಇದೆ: ಬೇರೆ ಔಷಧಿ ಇಲ್ಲದ ಕಾಯಿಲೆಯಾಗಿ, ಈ ಔಷಧಿಯಿಂದ ಗುಣ ಕಂಡು, ಡಾಕ್ಟರು ಹೇಳಿ, ಎಥಿಕ್ಸ್ ಕಮಿಟಿ ಒಪ್ಪಿದರೆ ಮುಗಿದ ಮೇಲೂ ಪುಕ್ಕಟೆ ಕೊಡಬೇಕು. ಆದರೆ ಸಕ್ಕರೆಗೆ ಬೇರೆ ಔಷಧಿ ಬೇಕಾದಷ್ಟಿವೆ, ಹಾಗಾಗಿ ಸಿಗದೆಯೂ ಹೋಗಬಹುದು. ನಾಳೆ ಹೋದಾಗ ಮೊದಲು ಇದನ್ನೇ ಕೇಳಲಿ. ನೀನು ಕೇಳಬೇಡ, ಅವರೇ ಕೇಳಲಿ, ತಮಿಳಿನಲ್ಲೇ ಕೇಳಲಿ. ಉತ್ತರ ಬರೆದು ಕೊಡಿ ಅನ್ನಲಿ. ಆಮೇಲೆ ಅವರು ಸಹಿ ಹಾಕಿದರೂ ಸರಿ, ಪೆನ್ನು ಮುಚ್ಚಿಟ್ಟು ಎದ್ದು ಬಂದರೂ ಸರಿ.